ಒಂದು ಗ್ರಾಂ ಪುಡಿಯಲ್ಲಿ ಕಾಣೆಯಾದ 10 ಗುಂಟೆ: ಒಂದು ಪ್ರಕರಣ ಅಧ್ಯಯನ

ಜುಲೈ ತಿಂಗಳ ಒಂದು ಮಧ್ಯಾಹ್ನ, ನಾವು ಮಾಡಿದ ರಂಧ್ರಗಳಿರುವ ಪುಡಿಯ ಒಳಮೈ ವಿಸ್ತೀರ್ಣ ಅಳೆದ ರಿಪೋರ್ಟ್ ಬಂತು. ಹೊರಗೆ ಮಳೆ ಹೊಯ್ಯುತ್ತಿತ್ತು. ಲ್ಯಾಬಿನಲ್ಲಿ ಹಗಲಲ್ಲೇ ಲೈಟ್ ಹಾಕಿಕೊಂಡು ಕೂತಿದ್ದೆವು. ಪಿಡಿಎಫ್ ತೆರೆದ ವಿದ್ಯಾರ್ಥಿನಿ ಮೊದಲ ಪುಟದ ಕೊನೆಯ ಸಾಲಿಗೆ ಬಂದು ಸುಮ್ಮನಾದಳು. ಗ್ರಾಂಗೆ 540 ಚದರ ಮೀಟರ್ ಅಂತ ಇತ್ತು. ನಾವು ಕಾದಿದ್ದು 1,500ಕ್ಕಿಂತ ಮೇಲಿನ ಸಂಖ್ಯೆಗೆ.

ಆಕೆಯ ಮನೆ ಘಟ್ಟದ ಮೇಲೆ, ಅಡಿಕೆ ತೋಟದ ನಡುವೆ. ಜಾಗದ ಲೆಕ್ಕ ಆಕೆಗೆ ಗುಂಟೆಯಲ್ಲೇ ಬರುವುದು. ಒಂದು ಗುಂಟೆ ಅಂದರೆ 101 ಚದರ ಮೀಟರ್ ಮತ್ತು ಚಿಲ್ಲರೆ. "ಸರ್, ಒಂದು ಗ್ರಾಂನಲ್ಲಿ 15-16 ಗುಂಟೆ ಇರಬೇಕಿತ್ತು. 5 ಗುಂಟೆ ಸಿಕ್ಕಿದೆ. ಉಳಿದ 10 ಗುಂಟೆ ಎಲ್ಲಿ ಹೋಯ್ತು?" ಅಂತ ಕೇಳಿದಳು.

ಆ 10 ಗುಂಟೆ ಹುಡುಕಲು ನಮಗೆ ಸುಮಾರು ಐದು ತಿಂಗಳು ಹಿಡಿಯಿತು. ಎಲ್ಲಿ ನೋಡಬೇಕು ಅಂತ ಗೊತ್ತಿದ್ದಿದ್ದರೆ ಎರಡು ವಾರ ಸಾಕಿತ್ತು. ರಂಧ್ರಗಳಿರುವ ವಸ್ತುಗಳ ಮೇಲೆ ಕೆಲಸ ಶುರು ಮಾಡುವ ಚಿಕ್ಕ ಲ್ಯಾಬುಗಳಿಗೆ ಇದು ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಜನ, ಸಂಸ್ಥೆ, ಊರು ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ತಪ್ಪುಗಳು ಮಾತ್ರ ಹೇಗಾದವೋ ಹಾಗೇ ಇವೆ. ಅವುಗಳಲ್ಲಿ ದೊಡ್ಡದೊಂದು ನನ್ನದು.

ಹಿನ್ನೆಲೆ

ಕರಾವಳಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗ ನಮ್ಮದು. ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಯಂತ್ರ) ಇದೆ, ಐಆರ್ (ಅವಕೆಂಪು ಬೆಳಕಿನಿಂದ ಅಣುಗಳ ಗುರುತು ಹಿಡಿಯುವ ಯಂತ್ರ) ಇದೆ, ವ್ಯಾಕ್ಯೂಮ್ ಪಂಪ್ ಇದೆ. ಮೇಲ್ಮೈ ವಿಸ್ತೀರ್ಣ ಅಳೆಯುವ ಯಂತ್ರ ಇಲ್ಲ. ಅದಕ್ಕೆ ಬೇರೆ ಊರಿನ ಇನ್ನೊಂದು ಸಂಸ್ಥೆಗೆ ಸ್ಯಾಂಪಲ್ ಕಳಿಸಬೇಕು.

ವಿದ್ಯಾರ್ಥಿನಿ ಪಿಎಚ್‌ಡಿಯ ಮೊದಲ ವರ್ಷದಲ್ಲಿದ್ದಳು. ನಾನು ಆಕೆಯ ಇಬ್ಬರು ಗೈಡ್‌ಗಳಲ್ಲಿ ಒಬ್ಬ. ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುವ ವಸ್ತುಗಳ ಬಗ್ಗೆ ಕೆಲಸ. ಮೊದಲಿಗೆ ಎಲ್ಲರಿಗೂ ಗೊತ್ತಿರುವ ಒಂದು ವಸ್ತುವನ್ನು ಸರಿಯಾಗಿ ಮಾಡಿ ಕೈ ಪಳಗಿಸಿಕೊಳ್ಳಲಿ, ಆಮೇಲೆ ಹೊಸದಕ್ಕೆ ಹೋಗಲಿ ಅಂತ ನಾವು ಆರಿಸಿದ್ದು ಎಚ್‌ಕೆಯುಎಸ್‌ಟಿ-1.

ಇದರ ಹೆಸರಿನಲ್ಲೇ ಹುಟ್ಟೂರು ಇದೆ. ಹಾಂಗ್‌ಕಾಂಗ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರು 1999ರಲ್ಲಿ ಇದನ್ನು ಪ್ರಕಟಿಸಿದರು. ತಾಮ್ರದ ಅಯಾನುಗಳನ್ನು ಟ್ರೈಮೆಸಿಕ್ ಆಮ್ಲದ ಅಣುಗಳು ಮೂರು ಕಡೆಯಿಂದ ಕೈಚಾಚಿ ಹಿಡಿದು ಕಟ್ಟಿದ ಜಾಲ ಅದು. ಲೋಹ ಮತ್ತು ಸಾವಯವ ಅಣು ಸೇರಿ ಕಟ್ಟುವ ಇಂಥ ಜಾಲಗಳಿಗೆ ಎಂಒಎಫ್ ಅಂತ ಕರೆಯುತ್ತಾರೆ. 2025ರ ರಸಾಯನಶಾಸ್ತ್ರದ ನೊಬೆಲ್ ಸುಸುಮು ಕಿತಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಈ ಮೂವರಿಗೆ ಬಂದದ್ದು ಇದೇ ಕೆಲಸಕ್ಕೆ.

ಈ ಜಾಲದ ಒಂದು ಸಣ್ಣ ವಿವರ ಇಲ್ಲಿ ಹೇಳಲೇಬೇಕು, ಮುಂದೆ ಬೇಕಾಗುತ್ತದೆ. ಇದರಲ್ಲಿ ತಾಮ್ರ ಜೋಡಿಯಾಗಿ ಇರುತ್ತದೆ. ಎರಡು ತಾಮ್ರಗಳ ಸುತ್ತ ನಾಲ್ಕು ಕೈಗಳು, ನಾಲ್ಕು ರೆಕ್ಕೆಯ ಚಕ್ರದ ಹಾಗೆ. ಪ್ರತಿ ತಾಮ್ರಕ್ಕೂ ಹೊರಮುಖದಲ್ಲಿ ಒಂದು ಜಾಗ ಉಳಿಯುತ್ತದೆ. ಮಾಡಿದ ಹೊಸತರಲ್ಲಿ ಅಲ್ಲಿ ನೀರಿನ ಅಣುವೋ ದ್ರಾವಕದ ಅಣುವೋ ಬಂದು ಕೂತಿರುತ್ತದೆ. ಅದನ್ನು ಎಬ್ಬಿಸಿ ಕಳಿಸಿದರೆ ಆ ಜಾಗ ಬರಿದಾಗಿ ತೆರೆದುಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಬಂದು ಹಿಡಿದುಕೊಳ್ಳುವುದರಲ್ಲಿ ಆ ತೆರೆದ ತಾಮ್ರಕ್ಕೆ ದೊಡ್ಡ ಪಾಲು ಇದೆ.

ಇದರ ದೊಡ್ಡ ರಂಧ್ರಗಳ ಅಗಲ ಹೆಚ್ಚುಕಡಿಮೆ 1 ನ್ಯಾನೋಮೀಟರ್. 2 ನ್ಯಾನೋಮೀಟರ್‌ಗಿಂತ ಕಿರಿದಾದ ರಂಧ್ರಗಳನ್ನು ಮೈಕ್ರೋಪೋರ್ ಅನ್ನುವುದು ವಾಡಿಕೆ. ಹೀಗಾಗಿ ಇದು ಪೂರ್ತಿ ಮೈಕ್ರೋಪೋರ್‌ಗಳ ವಸ್ತು. ಈ ಮಾತೂ ಮುಂದೆ ನಮ್ಮನ್ನು ಕಾಡಿತು.

ಮಾಡುವ ಕ್ರಮ ಕಷ್ಟವೇನಲ್ಲ. ತಾಮ್ರದ ನೈಟ್ರೇಟ್ ಮತ್ತು ಟ್ರೈಮೆಸಿಕ್ ಆಮ್ಲವನ್ನು ಡಿಎಂಎಫ್, ಎಥನಾಲ್, ನೀರು ಸೇರಿದ ದ್ರಾವಕದಲ್ಲಿ ಕರಗಿಸಿ, ಬಿಗಿ ಮುಚ್ಚಳದ ಬಾಟಲಿಯಲ್ಲಿ 85 ಡಿಗ್ರಿಗೆ 20 ಗಂಟೆ ಇಟ್ಟರೆ ಆಯಿತು. ಬಾಟಲಿಯ ತಳದಲ್ಲಿ ಆಕಾಶನೀಲಿ ಹರಳುಗಳು ಕೂತಿರುತ್ತವೆ. ಆಕೆ ಅವನ್ನು ಎಥನಾಲ್‌ನಲ್ಲಿ ಎರಡು ಸಲ ತೊಳೆದು, ಓವನ್ನಿನಲ್ಲಿ 80 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿದಳು. ಎಕ್ಸ್‌ಆರ್‌ಡಿಯಲ್ಲಿ 6.7, 9.5, 11.6 ಡಿಗ್ರಿ ಕೋನಗಳಲ್ಲಿ ಪೀಕ್‌ಗಳು ಬೇಕಾದ ಜಾಗದಲ್ಲೇ ಬಂದವು. ಆ ಸಂಜೆ ಎಲ್ಲರಿಗೂ ಗೋಳಿಬಜೆ ಬಂತು. ಪುಡಿ ಸಿದ್ಧವಾಯಿತು ಅಂತ ನಾವೆಲ್ಲ ನಂಬಿದೆವು.

ಸಮಸ್ಯೆ

ರಂಧ್ರಗಳ ಒಳಮೈ ಅಳೆಯುವುದು ಹೀಗೆ. ಮೊದಲು ಪುಡಿಯನ್ನು ಗಾಜಿನ ಕೊಳವೆಗೆ ಹಾಕಿ, ಬಿಸಿ ಮಾಡುತ್ತಾ ವ್ಯಾಕ್ಯೂಮ್ ಎಳೆದು, ರಂಧ್ರದೊಳಗಿನದೆಲ್ಲ ಹೊರಹೋಗುವಂತೆ ಮಾಡಬೇಕು. ಇದಕ್ಕೆ ಡಿಗ್ಯಾಸ್ ಅನ್ನುತ್ತಾರೆ. ಆಮೇಲೆ ಕೊಳವೆಯನ್ನು ದ್ರವ ನೈಟ್ರೋಜನ್‌ನಲ್ಲಿ ಅದ್ದಿ, ಸ್ವಲ್ಪ ಸ್ವಲ್ಪವೇ ನೈಟ್ರೋಜನ್ ಅನಿಲ ಬಿಟ್ಟು, ಯಾವ ಒತ್ತಡದಲ್ಲಿ ಎಷ್ಟು ಅನಿಲ ಅಂಟಿಕೊಂಡಿತು ಅಂತ ನೋಡುತ್ತಾ ಹೋಗಬೇಕು. ಒಂದು ನೈಟ್ರೋಜನ್ ಅಣು 0.162 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ ಅಂತ ಇಟ್ಟುಕೊಂಡು, ಬ್ರುನಾಯರ್, ಎಮೆಟ್, ಟೆಲ್ಲರ್ 1938ರಲ್ಲಿ ಕೊಟ್ಟ ಸೂತ್ರದಿಂದ ಒಟ್ಟು ವಿಸ್ತೀರ್ಣ ತೆಗೆಯುತ್ತಾರೆ. ಮೂವರ ಹೆಸರಿನ ಮೊದಲಕ್ಷರ ಸೇರಿ ಬಿಇಟಿ.

ಆ ಸಂಸ್ಥೆಗೆ ಸ್ಯಾಂಪಲ್ ಕಳಿಸುವಾಗ ಒಂದು ಫಾರ್ಮ್ ತುಂಬಬೇಕು. ಸ್ಯಾಂಪಲ್ ಹೆಸರು, ತೂಕ, ಡಿಗ್ಯಾಸ್ ತಾಪ, ಸಮಯ. ವಿದ್ಯಾರ್ಥಿನಿ ಬರೆದದ್ದು: 118 ಮಿಲಿಗ್ರಾಂ, 100 ಡಿಗ್ರಿ, 3 ಗಂಟೆ. 100 ಡಿಗ್ರಿ ಯಾಕೆ? ನಮ್ಮ ವಿಭಾಗದವರು ಹಿಂದೆ ಜೇಡಿಮಣ್ಣಿನ ಸ್ಯಾಂಪಲ್‌ಗೆ ಹಾಗೆ ಬರೆದಿದ್ದರು, ಫೈಲಿನಲ್ಲಿ ಅದರ ಪ್ರತಿ ಇತ್ತು. ಸಾವಯವ ಅಣು ಇರುವ ಪುಡಿ, ಜಾಸ್ತಿ ಬಿಸಿ ಮಾಡಿದರೆ ಹಾಳಾದೀತು ಅನ್ನುವ ಭಯವೂ ಇತ್ತು. ಆ ಫಾರ್ಮಿಗೆ ಸಹಿ ಹಾಕಿದ್ದು ನಾನು.

540 ಬಂದದ್ದು ಹೀಗೆ. ಕಾರ್ಬನ್ ಡೈಆಕ್ಸೈಡ್ ಅಳತೆಯೂ ಅಷ್ಟಕ್ಕಷ್ಟೇ. 25 ಡಿಗ್ರಿ, 1 ಬಾರ್ ಒತ್ತಡದಲ್ಲಿ ಗ್ರಾಂಗೆ 1.6 ಮಿಲಿಮೋಲ್. ಬೇರೆಯವರು 4ರಿಂದ 5 ಪಡೆದಿದ್ದರು.

ಮೊದಲ ಎರಡು ತಿಂಗಳು

ನಮ್ಮ ಮೊದಲ ಅನುಮಾನ ಹೋದದ್ದು ತಯಾರಿಕೆಯ ಮೇಲೆ. ನಿಜ ಹೇಳಬೇಕೆಂದರೆ, ವಿದ್ಯಾರ್ಥಿನಿಯ ಕೈಯ ಮೇಲೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ "ಇನ್ನೊಂದು ಸಲ ಮಾಡಿ ನೋಡು" ಅಂತ ಮತ್ತೆ ಮತ್ತೆ ಹೇಳಿದರೆ ಕೇಳುವವರಿಗೆ ಅರ್ಥವಾಗುವುದು ಅದೇ ಅಲ್ವಾ?

ಆಕೆ ಎಂಟು ಬ್ಯಾಚ್ ಮಾಡಿದಳು. ತಾಮ್ರದ ನೈಟ್ರೇಟ್‌ನ ಬಾಟಲಿ ಬದಲಿಸಿದಳು. ಸಮಯ ಹೆಚ್ಚಿಸಿದಳು, ಕಡಿಮೆ ಮಾಡಿದಳು. ಟೆಫ್ಲಾನ್ ಒಳಪದರದ ಉಕ್ಕಿನ ಆಟೋಕ್ಲೇವ್‌ನಲ್ಲಿ 120 ಡಿಗ್ರಿಗೆ ಮಾಡಿದಳು. 1999ರ ಮೂಲ ಪ್ರಬಂಧದ ಹಾಗೆ 180 ಡಿಗ್ರಿಗೂ ಒಮ್ಮೆ ಮಾಡಿದಳು. ಆ ಬ್ಯಾಚಿನಲ್ಲಿ ಹರಳುಗಳ ನಡುವೆ ಕೆಂಪು ಚುಕ್ಕಿಗಳು ಕಂಡವು. ಎಕ್ಸ್‌ಆರ್‌ಡಿಯಲ್ಲಿ 36.4 ಡಿಗ್ರಿಯಲ್ಲಿ ಹೊಸ ಪೀಕ್ ಎದ್ದಿತ್ತು. ತಾಪ ಜಾಸ್ತಿಯಾದಾಗ ತಾಮ್ರದ ಒಂದಷ್ಟು ಭಾಗ ಕ್ಯುಪ್ರಸ್ ಆಕ್ಸೈಡ್ ಆಗಿಬಿಡುತ್ತದೆ, ಅದರ ಗುರುತು ಅದು. ಉಳಿದ ಏಳೂ ಬ್ಯಾಚ್ ಎಕ್ಸ್‌ಆರ್‌ಡಿಯಲ್ಲಿ ಚೊಕ್ಕವಾಗಿದ್ದವು. ಅವುಗಳಲ್ಲಿ ನಾಲ್ಕನ್ನು ಅಳತೆಗೆ ಕಳಿಸಿದೆವು. ನಾಲ್ಕೂ 500ರಿಂದ 600ರ ಒಳಗೆ.

ಈಗ ಹಿಂದೆ ತಿರುಗಿ ನೋಡಿದರೆ ಅಲ್ಲೇ ಉತ್ತರ ಇತ್ತು. ಬೇರೆ ಬೇರೆ ರೀತಿ ಮಾಡಿದ ನಾಲ್ಕು ಪುಡಿ ಒಂದೇ ತಪ್ಪು ಉತ್ತರ ಕೊಡುತ್ತಿವೆ ಅಂದರೆ, ತಪ್ಪು ಇರುವುದು ನಾವು ಬದಲಿಸುತ್ತಿರುವ ಕಡೆ ಅಲ್ಲ. ನಾಲ್ಕಕ್ಕೂ ಒಂದೇ ಥರ ಮಾಡುತ್ತಿದ್ದ ಕೆಲಸ ಯಾವುದು? ತೊಳೆಯುವುದು, ಒಣಗಿಸುವುದು, ಕಳಿಸುವುದು, ಫಾರ್ಮ್ ತುಂಬುವುದು. ಅವನ್ನು ನಾವು ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಲ್ಯಾಬ್ ನೋಟ್‌ಬುಕ್ಕಿನಲ್ಲಿ ತಯಾರಿಕೆಗೆ ಎರಡು ಪುಟ ಇತ್ತು, ಇವೆಲ್ಲಕ್ಕೂ ಸೇರಿ ಒಂದು ಸಾಲು.

ಎಕ್ಸ್‌ಆರ್‌ಡಿ ಸರಿ ಇದ್ದದ್ದೂ ನಮ್ಮನ್ನು ದಾರಿ ತಪ್ಪಿಸಿತು. ಪೀಕ್‌ಗಳ ಜಾಗ ಹೇಳುವುದು ಗೋಡೆಗಳ ಬಗ್ಗೆ. ಕೋಣೆಯಲ್ಲಿ ಸಾಮಾನು ತುಂಬಿದ್ದರೂ ಗೋಡೆ ನೆಟ್ಟಗೇ ಇರುತ್ತದೆ. ಪೀಕ್‌ಗಳ ಎತ್ತರದ ಅನುಪಾತ ಗಮನಿಸಿದ್ದರೆ ಒಳಗೆ ಏನೋ ಇದೆ ಅನ್ನುವ ಸುಳಿವು ಸಿಗುತ್ತಿತ್ತು. ನಾವು ಜಾಗ ಮಾತ್ರ ನೋಡಿ ತೃಪ್ತರಾದೆವು.

ಆಮೇಲೆ ಒಂದು ದಿನ, ಒಳಗೇನಾದರೂ ಉಳಿದಿದ್ದರೆ ಸುಟ್ಟುಹೋಗಲಿ ಅಂತ ಸ್ವಲ್ಪ ಪುಡಿಯನ್ನು ಮಫಲ್ ಫರ್ನೇಸಿನಲ್ಲಿ ಗಾಳಿಯಲ್ಲೇ 300 ಡಿಗ್ರಿಗೆ ಇಟ್ಟೆವು. ಬೆಳಿಗ್ಗೆ ಕ್ರೂಸಿಬಲ್ ತೆಗೆದರೆ ಕಾಫಿ ಪುಡಿಯಂಥ ಕಪ್ಪುಕಂದು ಪುಡಿ. 35.5 ಮತ್ತು 38.7 ಡಿಗ್ರಿಯಲ್ಲಿ ಕ್ಯುಪ್ರಿಕ್ ಆಕ್ಸೈಡ್‌ನ ಪೀಕ್‌ಗಳು. ಕೆಳಕೋನದ ಪೀಕ್‌ಗಳು ಮಾಯ. ಸಾಮಾನಿನ ಜೊತೆ ಮನೆಯೂ ಸುಟ್ಟುಹೋಗಿತ್ತು.

ಆ ವಾರ ಆಕೆ ಬಂದು, "ಸರ್, ನನಗೆ ಈ ವಿಷಯ ಆಗೋದಿಲ್ಲ ಅನ್ಸತ್ತೆ. ಬೇರೆ ಟಾಪಿಕ್ ಕೊಡ್ತೀರಾ?" ಅಂತ ಕೇಳಿದಳು. ಈ ಮಾತನ್ನು ನಾನು ಮರೆತಿಲ್ಲ. ನಮ್ಮ ಫಾರ್ಮಿನ ತಪ್ಪನ್ನು ಆಕೆ ತನ್ನ ಕೈಯ ತಪ್ಪು ಅಂತ ಎರಡು ತಿಂಗಳು ಹೊತ್ತುಕೊಂಡಿದ್ದಳು.

118 ಮಿಲಿಗ್ರಾಂ, 91 ಮಿಲಿಗ್ರಾಂ

ವಿಷಯ ಬದಲಿಸುವ ಮೊದಲು ಒಂದು ಸಲ ಅಳತೆ ನಡೆಯುವಾಗ ಜೊತೆಗೇ ನಿಂತು ನೋಡಿಕೊಂಡು ಬಾ ಅಂತ ಹೇಳಿದೆ. ಇಡೀ ಪ್ರಕರಣದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಅದೊಂದೇ ಇರಬೇಕು. ಆಕೆ ರಾತ್ರಿ ಬಸ್ಸಿಗೆ ಹೋದಳು.

ಅಲ್ಲಿನ ಆಪರೇಟರ್ ಒಳ್ಳೆಯ ಮನುಷ್ಯ. ಪ್ರತಿ ಹೆಜ್ಜೆಯನ್ನೂ ತೋರಿಸಿದರು. ಖಾಲಿ ಕೊಳವೆ ತೂಗಿದರು, ಪುಡಿ ಹಾಕಿ ತೂಗಿದರು: 118 ಮಿಲಿಗ್ರಾಂ, ಫಾರ್ಮಿನಲ್ಲಿ ಇದ್ದಷ್ಟೇ. ಡಿಗ್ಯಾಸ್ ಮುಗಿದ ಮೇಲೆ ಆಕೆ, "ಈಗ ಇನ್ನೊಂದು ಸಲ ತೂಗೋಣವಾ ಸರ್?" ಅಂತ ಕೇಳಿದಳು. ತೂಗಿದರು. 91.

27 ಮಿಲಿಗ್ರಾಂ ಹಾರಿಹೋಗಿತ್ತು. ಅದು ಬಹುಪಾಲು ನಮ್ಮ ಕರಾವಳಿಯ ಮಳೆಗಾಲದ ನೀರು. ಎಚ್‌ಕೆಯುಎಸ್‌ಟಿ-1 ಗಾಳಿಯಿಂದ ನೀರು ಕುಡಿಯುವುದರಲ್ಲಿ ನಿಸ್ಸೀಮ. ಯಂತ್ರ ಅಂಟಿದ ಅನಿಲದ ಲೆಕ್ಕ ಕೊಡುತ್ತದೆ, ಅದನ್ನು ತೂಕದಿಂದ ಭಾಗಿಸುವುದು ನಾವು ಬರೆದುಕೊಟ್ಟ ಸಂಖ್ಯೆಯಿಂದ. 91 ಮಿಲಿಗ್ರಾಂ ಪುಡಿಯ ವಿಸ್ತೀರ್ಣವನ್ನು ಇಷ್ಟು ದಿನ 118ಕ್ಕೆ ಹಂಚುತ್ತಿದ್ದೆವು. ನಮ್ಮ ಫಾರ್ಮಿನಲ್ಲಿ ತೂಕಕ್ಕೆ ಇದ್ದದ್ದು ಒಂದೇ ಕಾಲಂ. ಅವರು ಕೊಟ್ಟದ್ದನ್ನು ಹಾಕುತ್ತಿದ್ದರು.

ಸರಿ ಮಾಡಿದರೆ 540 ಇದ್ದದ್ದು 700 ಆಯಿತು.

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. 1999ರ ಮೂಲ ಪ್ರಬಂಧದಲ್ಲಿ ಕೊಟ್ಟಿರುವ ಬಿಇಟಿ ವಿಸ್ತೀರ್ಣ 692. ನಮ್ಮದು 700. "ನೋಡು, ಕಂಡುಹಿಡಿದವರ ಸಂಖ್ಯೆಗೇ ತಾಳೆ ಆಯ್ತು. ಇನ್ನು ಬರೆಯೋಕೆ ಕೂತ್ಕೋ" ಅಂದುಬಿಟ್ಟೆ. ಎರಡು ತಿಂಗಳ ದಣಿವಿನಲ್ಲಿ ಆ ಹೊಂದಾಣಿಕೆ ನನಗೆ ಎಷ್ಟು ಹಿತವಾಗಿತ್ತು ಅಂದರೆ, ಅದರ ಹಿಂದೆ ಏನಿದೆ ಅಂತ ಕೇಳಲೇ ಇಲ್ಲ. ನಂತರದ ವರ್ಷಗಳಲ್ಲಿ ಬೇರೆ ತಂಡಗಳು ಇದೇ ವಸ್ತುವನ್ನು ಚೆನ್ನಾಗಿ ಬರಿದು ಮಾಡಿ 1,500ರಿಂದ 1,800ರವರೆಗೆ ಪಡೆದಿದ್ದಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಆಕೆ ಕೂರಲಿಲ್ಲ. "ಸರ್, 692 ಅವರಿಗೆ ಶುರು. ನಮಗೆ ಅದು ಕೊನೆ ಆಗ್ಬಾರದು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದಳು: "ಮತ್ತೆ, ಬಣ್ಣ ಬದಲಾಗ್ಲೇ ಇಲ್ಲ."

ಬಣ್ಣ

ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ.

ಪ್ರಬಂಧಗಳಲ್ಲೆಲ್ಲ ಪೂರ್ತಿ ಬರಿದಾದ ಎಚ್‌ಕೆಯುಎಸ್‌ಟಿ-1 ಕಡುನೀಲಿ ಅಂತ ಇದೆ. ಡಿಗ್ಯಾಸ್ ಆದ ಕೊಳವೆಯನ್ನು ಆಕೆ ಕಣ್ಣಾರೆ ನೋಡಿದ್ದಳು. ಒಳಗಿದ್ದ ಪುಡಿ ಮೊದಲಿಗಿಂತ ಚೂರು ಗಾಢ, ಅಷ್ಟೇ. "ಮೈಲುತುತ್ತದ ಬಣ್ಣಕ್ಕೇ ಹತ್ತಿರ ಇತ್ತು" ಅಂದಳು. ಅಡಿಕೆಗೆ ಕೊಳೆ ರೋಗ ಬರದಿರಲೆಂದು ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣ ಹೊಡೆಯುವ ಮನೆಯವಳು. ಮೈಲುತುತ್ತವನ್ನು ಸುಣ್ಣದ ಜೊತೆ ಕಲಸುವುದನ್ನು ಚಿಕ್ಕಂದಿನಿಂದ ನೋಡಿದವಳು. ತಾಮ್ರದ ನೀಲಿಗಳಲ್ಲಿ ವ್ಯತ್ಯಾಸ ಗುರುತಿಸಲು ಆಕೆಗೆ ಯಂತ್ರ ಬೇಕಿರಲಿಲ್ಲ.

ಪಿಯುಸಿಯಲ್ಲಿ ಮೈಲುತುತ್ತ ಬಿಸಿ ಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ. ನೀರು ಹೋದರೆ ನೀಲಿ ಬಿಳಿಯಾಗುತ್ತದೆ. ಇಲ್ಲಿ ಆಗುವುದು ಅದರ ಉಲ್ಟಾ. ತಾಮ್ರದ ಹೊರಮುಖದಲ್ಲಿ ಕೂತ ಅಣು ಎದ್ದುಹೋದಾಗ, ತಾಮ್ರದ ಸುತ್ತಲಿನ ಏರ್ಪಾಡು ಬದಲಾಗಿ ಅದು ಹೀರುವ ಬೆಳಕು ಬದಲಾಗುತ್ತದೆ. ತಿಳಿನೀಲಿ ಕಡುನೀಲಿಗೆ, ನೇರಳೆಯ ಅಂಚಿಗೆ ಹೋಗುತ್ತದೆ. ಅಂದರೆ ಬಣ್ಣವೇ ಡಿಗ್ಯಾಸ್ ಮೀಟರ್. ಬದಲಾಗಲಿಲ್ಲ ಅಂದರೆ ಜಾಗ ಖಾಲಿ ಆಗಿಲ್ಲ.

ಏನು ಕೂತಿದೆ ಹಾಗಾದರೆ? ನೀರಾದರೆ 100 ಡಿಗ್ರಿ ವ್ಯಾಕ್ಯೂಮ್‌ನಲ್ಲಿ ಬಹುಪಾಲು ಹೋಗಬೇಕಿತ್ತು. ಡಿಗ್ಯಾಸ್ ಆದ ಪುಡಿಯನ್ನು ಟಿಜಿಎಯಲ್ಲಿ ಬಿಸಿ ಮಾಡುತ್ತಾ ತೂಕ ನೋಡಿದೆವು. 150 ಡಿಗ್ರಿ ದಾಟಿದ ಮೇಲೂ ತೂಕ ಇಳಿಯುತ್ತಲೇ ಇತ್ತು. ಐಆರ್‌ನಲ್ಲಿ 1660 ಅಲೆಸಂಖ್ಯೆಯ ಬಳಿ ಒಂದು ಭುಜ, ಅಂದರೆ ಪೀಕ್‌ನ ಪಕ್ಕದಲ್ಲಿ ಸಣ್ಣ ಉಬ್ಬು, ಕಂಡಿತು. ಎರಡೂ ಬೊಟ್ಟು ಮಾಡಿದ್ದು ಡಿಎಂಎಫ್ ಕಡೆಗೆ. ತಯಾರಿಕೆಯಲ್ಲಿ ಬಳಸಿದ ದ್ರಾವಕ. ಅದು ಕುದಿಯುವುದೇ 153 ಡಿಗ್ರಿಗೆ, ಮೇಲಾಗಿ ತಾಮ್ರಕ್ಕೆ ಅಂಟಿಕೊಂಡು ಕೂರುತ್ತದೆ. ಎರಡು ಸಲ ಎಥನಾಲ್‌ನಲ್ಲಿ ತೊಳೆದರೆ ಹರಳಿನ ಹೊರಮೈ ತೊಳೆದ ಹಾಗಾಯಿತು. ಒಳಗಿನ ಕೋಣೆಗಳಿಂದ ಅದು ಹೊರಬರಲು ಬೇಕಾದದ್ದು ಸಮಯ.

ಆಮೇಲಿನ ಕ್ರಮ ಹೀಗಾಯಿತು. ಹರಳುಗಳನ್ನು ಒಣಗಿಸದೆ ಮೆಥನಾಲ್‌ನಲ್ಲಿ ನೆನೆಹಾಕುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಳೆಯ ಮೆಥನಾಲ್ ಬಸಿದು ಹೊಸದು ಹಾಕುವುದು. ಮೂರು ದಿನ. ಮೆಥನಾಲ್ ನಿಧಾನವಾಗಿ ಒಳಹೊಕ್ಕು ಡಿಎಂಎಫ್‌ನ ಜಾಗ ಹಿಡಿಯುತ್ತದೆ. ಅದು ಕುದಿಯುವುದು 65 ಡಿಗ್ರಿಗೆ, ಹಾಗಾಗಿ ಕಳಿಸುವುದು ಸುಲಭ.

ನಾಲ್ಕನೇ ದಿನ ನಮ್ಮ ಲ್ಯಾಬಿನಲ್ಲೇ ಒಂದು ಚಿಟಿಕೆ ಪುಡಿಯನ್ನು ಗಾಜಿನ ಕೊಳವೆಗೆ ಹಾಕಿ ಪಂಪಿಗೆ ಜೋಡಿಸಿದೆವು. ವಾಲ್ವನ್ನು ಕೂದಲೆಳೆಯಷ್ಟೇ ತೆರೆಯಬೇಕು. ಒಮ್ಮೆಲೇ ತೆರೆದರೆ ಪುಡಿ ಹಾರಿ ಕೊಳವೆಯ ಕತ್ತಿನಲ್ಲಿ ಮೆತ್ತಿಕೊಳ್ಳುತ್ತದೆ, ಒಂದು ಸಲ ಹಾಗೂ ಆಗಿತ್ತು. ಎಣ್ಣೆಯ ಬಾತ್ ನಿಧಾನ ಬಿಸಿಯಾಯಿತು. 60ರಲ್ಲಿ ಎರಡು ಗಂಟೆ. ಆಮೇಲೆ 100. ಪುಡಿ ಅಲ್ಲಲ್ಲಿ ಕುದಿಯುವ ಹಾಗೆ ಅಲುಗಿತು, ಮೆಥನಾಲ್ ಹೊರಡುತ್ತಿತ್ತು. 120 ದಾಟಿದಾಗ ಗಾಜಿಗೆ ತಾಗಿದ ಅಂಚಿನಲ್ಲಿ ಒಂದು ಗಾಢ ಗೆರೆ ಮೂಡಿತು. ಬಿಳಿ ಬಟ್ಟೆಯ ಅಂಚಿಗೆ ಶಾಯಿ ತಾಗಿದ ಹಾಗೆ ಆ ಗೆರೆ ಒಳಮುಖವಾಗಿ ಹರಡುತ್ತಾ ಹೋಯಿತು. 160 ತಲುಪಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಂದರೆ, ಕೊಳವೆಯ ತಳದಲ್ಲಿ ಮಾಗಿದ ನೇರಳೆಹಣ್ಣಿನ ಬಣ್ಣದ ಪುಡಿ.

ಎಂಟು ಬ್ಯಾಚ್ ಮಾಡಿದ್ದ ಆಕೆ ಈ ಬಣ್ಣವನ್ನು ಮೊದಲ ಸಲ ನೋಡುತ್ತಿದ್ದಳು. ಕೊಳವೆಯ ಮುಚ್ಚಳ ತೆಗೆದು ವಾಚ್‌ಗ್ಲಾಸಿನ ಮೇಲೆ ಸ್ವಲ್ಪ ಸುರಿದೆವು. ಮಳೆ ಬರುತ್ತಿದ್ದ ದಿನ. ಮೇಲಿನ ಪದರ ಕೆಲವೇ ನಿಮಿಷದಲ್ಲಿ ತಿಳಿಯಾಗತೊಡಗಿತು. ಸ್ಪಾಚುಲಾದಿಂದ ಕೆದಕಿದರೆ ಅಡಿಯಲ್ಲಿ ಇನ್ನೂ ಕಡುನೀಲಿ, ಮೇಲೆ ಆಕಾಶನೀಲಿ. ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪೂರ್ತಿ ಹಳೆಯ ಬಣ್ಣ.

ಹೇಗೆ ಒಯ್ಯುವುದು

ಇದು ಹೊಸ ತೊಡಕು ತಂದಿತು. ಯಂತ್ರ ಇರುವುದು ಬೇರೆ ಊರಿನಲ್ಲಿ. ಒಣಗಿಸಿ, ಡೆಸಿಕೇಟರಿನಲ್ಲಿಟ್ಟು ಕಳಿಸುತ್ತಿದ್ದ ನಮ್ಮ ಹಳೆಯ ಪದ್ಧತಿ ಎಷ್ಟು ಸುರಕ್ಷಿತ? ಡೆಸಿಕೇಟರ್ ತೆಗೆದು ನೋಡಿದರೆ ಸಿಲಿಕಾ ಜೆಲ್ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದು ನೀಲಿ ಇರಬೇಕು. ಯಾವಾಗ ಕೊನೆಯ ಸಲ ಬಿಸಿ ಮಾಡಿದ್ದು ಅಂತ ಯಾರಿಗೂ ನೆನಪಿರಲಿಲ್ಲ. ನೀರು ಬರೀ ಜಾಗ ಹಿಡಿಯುವುದಷ್ಟೇ ಅಲ್ಲ. ತೇವದಲ್ಲಿ ಬಹಳ ದಿನ ಇದ್ದರೆ ಈ ಜಾಲ ತಾನೇ ಬಿಚ್ಚಿಕೊಳ್ಳುತ್ತದೆ, ಆಗ ಎಷ್ಟು ಬಿಸಿ ಮಾಡಿದರೂ ಹೋದ ವಿಸ್ತೀರ್ಣ ವಾಪಸ್ ಬರುವುದಿಲ್ಲ.

ಸಹೋದ್ಯೋಗಿಯೊಬ್ಬರು ಇನ್ನೂ ಚೆನ್ನಾಗಿ ಒಣಗಿಸಿ ಸೀಲ್ ಮಾಡಿ ಕಳಿಸೋಣ ಅಂದರು. ವಿದ್ಯಾರ್ಥಿನಿ ಹೇಳಿದ್ದು ಅದರ ವಿರುದ್ಧ: ಒಣಗಿಸುವುದೇ ಬೇಡ. ಮೆಥನಾಲ್‌ನಲ್ಲಿ ಮುಳುಗಿದ ಹಾಗೇ ಒಯ್ಯೋಣ, ಅಲ್ಲಿನ ಡಿಗ್ಯಾಸ್ ಪೋರ್ಟಿನಲ್ಲೇ ಬರಿದು ಮಾಡಿ, ಗಾಳಿ ತಾಗಿಸದೆ ಅಳೆಯೋಣ. ಒದ್ದೆ ಸ್ಯಾಂಪಲ್ ತೆಗೆದುಕೊಂಡು ಹೋಗುವುದು ಕೇಳಲು ವಿಚಿತ್ರ. ಆದರೆ ಕೋಣೆಗಳು ಮೆಥನಾಲ್‌ನಿಂದ ತುಂಬಿದ್ದರೆ ಗಾಳಿಯ ನೀರಿಗೆ ಒಳಗೆ ಜಾಗವೇ ಸಿಗುವುದಿಲ್ಲ. ಒಪ್ಪಿದೆವು. ಬಸ್ಸಿನಲ್ಲಿ ಮೆಥನಾಲ್ ಒಯ್ಯುವುದು ಸಲ್ಲದು, ವಿಭಾಗದ ಜೀಪು ಕೇಳಿಕೊಂಡೆವು. ಅದಕ್ಕೆ ಅನುಮತಿ ಸಿಗಲು ಹನ್ನೆರಡು ದಿನ ಬೇಕಾಯಿತು.

ಅಲ್ಲಿ 160 ಡಿಗ್ರಿಗೆ 12 ಗಂಟೆ ಡಿಗ್ಯಾಸ್. ಬಣ್ಣ ನೋಡಿ ಆದ ಮೇಲೆ ನೈಟ್ರೋಜನ್ ತುಂಬಿ ತೂಕ. ಆಮೇಲೆ ಅಳತೆ. ರಿಪೋರ್ಟ್: 1,190.

ಕೊನೆಯ ಗಂಟು

ಮತ್ತೆ ಎಲ್ಲರೂ ಖುಷಿ. ಮತ್ತೆ ಆಕೆಗೆ ಸಮಾಧಾನ ಇಲ್ಲ. ಈ ಸಲ ನಾನೂ ಆಕೆಯ ಪಕ್ಕದಲ್ಲೇ ಕೂತು ರಿಪೋರ್ಟಿನ ಆರೂ ಪುಟ ಓದಿದೆ. ಮೂರನೇ ಪುಟದಲ್ಲಿ "ಸಿ" ಅನ್ನುವ ಸ್ಥಿರಾಂಕದ ಮುಂದೆ ಮೈನಸ್ ಚಿಹ್ನೆ ಇತ್ತು.

ಬಿಇಟಿ ಸೂತ್ರದಲ್ಲಿ ಸಿ ಅನ್ನುವುದು ಅನಿಲ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವುದಕ್ಕೆ ಸಂಬಂಧಿಸಿದ್ದು. ಅದು ಋಣ ಸಂಖ್ಯೆ ಆಗುವಂತಿಲ್ಲ. ಅಳತೆಯ ಬಿಂದುಗಳ ಒಂದು ಭಾಗಕ್ಕೆ ನೇರ ಗೆರೆ ಎಳೆದು ಸಿ ಮತ್ತು ವಿಸ್ತೀರ್ಣ ಎರಡನ್ನೂ ತೆಗೆಯುತ್ತಾರೆ. ಸಿ ಋಣ ಆಗಿದೆ ಅಂದರೆ ಆ ಗೆರೆ ಎಳೆದ ಜಾಗ ತಪ್ಪು. ಯಂತ್ರದ ಸಾಫ್ಟ್‌ವೇರ್ ತಾನಾಗಿ ಆರಿಸಿಕೊಂಡದ್ದು ಸಾಪೇಕ್ಷ ಒತ್ತಡ (ಅನಿಲ ದ್ರವವಾಗುವ ಒತ್ತಡಕ್ಕೆ ಹೋಲಿಸಿದ ಒತ್ತಡ) 0.05ರಿಂದ 0.30ರ ಭಾಗ. ದೊಡ್ಡ ರಂಧ್ರದ ವಸ್ತುಗಳಿಗೆ ಅದು ಸರಿ. ಮೈಕ್ರೋಪೋರ್‌ಗಳು 0.05 ಬರುವ ಮೊದಲೇ ತುಂಬಿಹೋಗಿರುತ್ತವೆ. ಆ ಭಾಗದಲ್ಲಿ ಅಳೆಯುವುದು ಅಂದರೆ ಜಾತ್ರೆ ಮುಗಿದ ಮೇಲೆ ಜನ ಎಣಿಸಿದ ಹಾಗೆ. ರೂಕೆರಾಲ್ ಅವರ ಹೆಸರಿನಲ್ಲಿ ಕರೆಯುವ ಕೆಲವು ಸರಳ ನಿಯಮಗಳು ಇದಕ್ಕೇ ಇವೆ: ಸಿ ಧನ ಸಂಖ್ಯೆ ಆಗಿರಬೇಕು, ಅಂಟಿದ ಅನಿಲವನ್ನು ಒಂದರಿಂದ ಸಾಪೇಕ್ಷ ಒತ್ತಡ ಕಳೆದ ಸಂಖ್ಯೆಯಿಂದ ಗುಣಿಸಿದರೆ ಅದು ಏರುತ್ತಲೇ ಇರುವ ಭಾಗವನ್ನು ಮಾತ್ರ ತೆಗೆದುಕೊಳ್ಳಬೇಕು. ಹಾಗೆ ಮಾಡಿದಾಗ ನಮ್ಮ ಗೆರೆ 0.03ರ ಕೆಳಗೆ ಬಂತು. ಸಿ ಧನವಾಯಿತು. ವಿಸ್ತೀರ್ಣ 1,590.

ಹಳೆಯ ರಿಪೋರ್ಟ್ ತೆಗೆದು ನೋಡಿದರೆ ಅಲ್ಲೂ ಮೈನಸ್ ಇತ್ತು. ಮೊದಲ ದಿನದಿಂದ ಇತ್ತು.

ಆ ಸಂಜೆ ಕೂತು 10 ಗುಂಟೆಯ ಲೆಕ್ಕ ಹಾಕಿದೆವು. ತೂಕದ ತಪ್ಪಿನಿಂದ ಹೋದದ್ದು 160 ಚದರ ಮೀಟರ್, ಒಂದೂವರೆ ಗುಂಟೆ. ಹಳೆಯ ಅಳತೆಗೂ ಸರಿಯಾದ ಭಾಗದಲ್ಲಿ ಗೆರೆ ಎಳೆದರೆ 700 ಇದ್ದದ್ದು ಸುಮಾರು 900 ಆಗುತ್ತದೆ. ಕಡಿಮೆ ಒತ್ತಡದಲ್ಲಿ ಆಗ ನಾಲ್ಕೈದೇ ಬಿಂದು ತೆಗೆದಿದ್ದರಿಂದ ಇದು ಅಂದಾಜು. ಅದು ಇನ್ನೆರಡು ಗುಂಟೆ. ಉಳಿದ ಹತ್ತಿರಹತ್ತಿರ 7 ಗುಂಟೆಯಲ್ಲಿ ಇದ್ದದ್ದು ಖಾಲಿಯಾಗದೆ ಕೂತಿದ್ದ ಡಿಎಂಎಫ್. ಮೂರು ತಪ್ಪುಗಳೂ ಒಂದೇ ದಿಕ್ಕಿಗೆ ಎಳೆದಿದ್ದವು. ಒಂದಾದರೂ ಎದುರು ದಿಕ್ಕಿಗೆ ಎಳೆದಿದ್ದರೆ ಸಂಖ್ಯೆ ನೋಡಲು ಚೆನ್ನಾಗೇ ಕಾಣುತ್ತಿತ್ತು, ನಾವು ಯಾವುದನ್ನೂ ಹುಡುಕುತ್ತಿರಲಿಲ್ಲ. ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕಾರ್ಬನ್ ಡೈಆಕ್ಸೈಡ್ 1.6ರಿಂದ 4.1 ಮಿಲಿಮೋಲ್‌ಗೆ ಏರಿತು. ವಿಸ್ತೀರ್ಣ ಏರಿದ್ದರ ಜೊತೆಗೆ ತಾಮ್ರದ ಜಾಗಗಳು ತೆರೆದದ್ದೂ ಇದಕ್ಕೆ ಕಾರಣ.

ಏನು ಬದಲಾಯಿತು

ಫಾರ್ಮಿನಲ್ಲಿ ಈಗ ತೂಕಕ್ಕೆ ಎರಡು ಕಾಲಂ ಇದೆ, ಡಿಗ್ಯಾಸ್ ಮೊದಲು ಮತ್ತು ನಂತರ. ಪಕ್ಕದಲ್ಲಿ ಬಣ್ಣಕ್ಕೆ ಒಂದು ಕಾಲಂ. ಆ ಸಂಸ್ಥೆಯ ಆಪರೇಟರ್ ಕೂಡ ಬೇರೆಯವರ ಸ್ಯಾಂಪಲ್‌ಗಳನ್ನು ಎರಡು ಸಲ ತೂಗಲು ಶುರು ಮಾಡಿದ್ದಾರೆ. ಸಿಲಿಕಾ ಜೆಲ್ ಬಿಸಿ ಮಾಡಿದ ದಿನಾಂಕವನ್ನು ಡೆಸಿಕೇಟರಿನ ಮೇಲೆ ಅಂಟಿಸುತ್ತೇವೆ.

ಆದರೆ ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ನೋಟ್‌ಬುಕ್ಕಿನದು. ರಂಧ್ರಗಳ ವಸ್ತುವಿನಲ್ಲಿ ಹರಳು ಬಂದಾಗ ಅರ್ಧ ಕೆಲಸ ಆಗಿರುತ್ತದೆ. ನಾವು ಬೇಕು ಅನ್ನುವುದು ಗೋಡೆಯಲ್ಲ, ಗೋಡೆಗಳ ನಡುವಿನ ಖಾಲಿ ಜಾಗ. ಅದನ್ನು ಖಾಲಿ ಮಾಡುವುದೂ ತಯಾರಿಕೆಯೇ. ಈಗ ತೊಳೆದದ್ದು, ನೆನೆಸಿದ್ದು, ಎಷ್ಟು ಹೊತ್ತಿಗೆ ಬಸಿದದ್ದು, ಎಷ್ಟು ಡಿಗ್ರಿಯಲ್ಲಿ ಬಣ್ಣ ತಿರುಗಿತು ಎಲ್ಲವೂ ಎರಡು ಪುಟ ತುಂಬುತ್ತದೆ. ಇನ್ನೊಂದು, ವಿದ್ಯಾರ್ಥಿಗಳಿಗೆ ನಾನು "ಇನ್ನೊಂದು ಸಲ ಮಾಡಿ ನೋಡು" ಅನ್ನುವುದನ್ನು ಬಿಟ್ಟಿದ್ದೇನೆ. ಯಾವ ಹೆಜ್ಜೆಯನ್ನು ನಾವು ಇನ್ನೂ ಕಣ್ಣಿಂದ ನೋಡಿಲ್ಲ ಅಂತ ಮೊದಲು ಕೇಳುತ್ತೇನೆ.

ಆಮೇಲೆ ಅದೇ ಕ್ರಮದಲ್ಲಿ ಇನ್ನೂ ಎರಡು ಬ್ಯಾಚ್ ಮಾಡಿ ಅಳೆಸಿದೆವು. ಒಂದು 1,540, ಇನ್ನೊಂದು 1,430. ಪ್ರಬಂಧ ಬರೆಯುವಾಗ 1,590 ಒಂದನ್ನೇ ಕೊಡಬಹುದಿತ್ತು, ತುಂಬಾ ಜನ ಹಾಗೇ ಮಾಡುತ್ತಾರೆ. ಮೂರನ್ನೂ ಹಾಕಬೇಕು ಅಂತ ಆಕೆ ಹಟ ಹಿಡಿದಳು, ಮೂರೂ ಹಾಕಿದೆವು. ಗೆರೆ ಎಳೆದ ಒತ್ತಡದ ಭಾಗ, ಸಿ ಬೆಲೆ, ಡಿಗ್ಯಾಸ್ ನಂತರದ ತೂಕ ಎಲ್ಲವೂ ಪಟ್ಟಿಯಲ್ಲಿ ಇವೆ. 1,430 ಬಂದ ಬ್ಯಾಚಿನ ಐಆರ್‌ನಲ್ಲಿ 1660ರ ಬಳಿ ಒಂದು ಚಿಕ್ಕ ಉಬ್ಬು ಇನ್ನೂ ಕಾಣುತ್ತಿದೆ. ಆ ಬ್ಯಾಚಿನ ಎರಡನೇ ದಿನ ಸಂಜೆ ಕರೆಂಟ್ ಹೋಗಿ ಮೆಥನಾಲ್ ಬದಲಿಸಿರಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಇದೆ. ಈ ವಾರ ಆಕೆ ಅದೇ ಬ್ಯಾಚಿನ ಉಳಿದ ಪುಡಿಯನ್ನು ಮತ್ತೆ ನೆನೆಹಾಕಿದ್ದಾಳೆ.